ಜರಡಿ ಹಿಡಿದವರು

ಬ್ರೌಸರಿಗೆ ಸೇರಿಸಿಕೊಂಡರೆ ಸಾಕು, ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ಬರೆಸಿದ ಬಾಡಿಗೆ ಹೊಗಳಿಕೆಯನ್ನೆಲ್ಲ ಅಳಿಸಿ ಸಾಚಾ ಅಭಿಪ್ರಾಯ ಮಾತ್ರ ಉಳಿಸುವ ಎಕ್ಸ್‌ಟೆನ್ಶನ್ ಅದು. ಹೆಸರು 'ಜರಡಿ'. ಇದ್ದ ಕೆಲಸ ಬಿಟ್ಟು ಎರಡು ವರ್ಷ ಅದಕ್ಕೇ ಜೀವ ತೇದಿದ್ದ ಸುಧನ್ವ, ಅದನ್ನು ಕೊಳ್ಳಲು ಬಂದ ಮೇಡಂ ಎದುರು ಕೂತಿದ್ದ. ಪಕ್ಕದಲ್ಲಿ ಪಾಲುದಾರ, ಹೆಂಡತಿಯ ತಮ್ಮ ವಾಗೀಶ.

"ಇದನ್ನ ನಿಮ್ಮ ಜರಡಿ ಬಗ್ಗೆ ಜನ ಅಭಿಪ್ರಾಯ ಬರ್ದಿರೋ ಪುಟದ ಮೇಲೇ ಓಡ್ಸಿ ನೋಡೋಣ," ಎಂದರು ಮೇಡಂ.

"ನಮ್ದ್ಯಾಕೆ ಭಾವ? ಬೇರೆಯವ್ರದ್ದು ತೋರ್ಸೋಣ," ವಾಗೀಶ ಚಡಪಡಿಸಿದ.

"ಸುಮ್ನಿರೋ ಪುಕ್ಕಲ! ನಾನೂರು ಜನ ಮೆಚ್ಚಿ ಬರ್ದಿದಾರೆ ಅಂತ ಕುಣೀತಿದ್ದೋನು ನೀನೇ ಅಲ್ವಾ?"

ಸುಧನ್ವ ಗುಂಡಿ ಒತ್ತಿದ. ಮೆಚ್ಚುಗೆಯೆಲ್ಲ ಮಂಗಮಾಯ. ಅಡಿಯಲ್ಲೆಲ್ಲೋ ಹೂತಿದ್ದ ಒಂದೇ ಒಂದು ಅಭಿಪ್ರಾಯ ಉಳಿಯಿತು. ಮೇಡಂ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"ಒಂದು ಸ್ಟಾರ್. 'ಇದನ್ನ ಹಾಕ್ಕೋಬೇಡಿ, ಮುಂದಿನ ತಿಂಗಳು ನಂದೇ ಒಂದು ಬರ್ತಿದೆ. ಇಂತಿ, ವಾಗೀಶ.'"