ನೂರಕ್ಕೆ ಎಪ್ಪತ್ತು

ಶಾಹಿನೂರ್ ಕೆಂಪು ಬಾವುಟದ ಬಿದಿರುಕೋಲಿಗೆ ಮೂರನೆಯ ಏಟು ಹಾಕುವಷ್ಟರಲ್ಲಿ ಮೊರ್ಜಿನಾ ಅಡುಗೆಮನೆಯಿಂದ ಓಡಿಬಂದು ಕೋಲನ್ನು ಅಪ್ಪಿ ಹಿಡಿದುಕೊಂಡಳು. ಅವಳ ಕೈಗೆ ಮೆತ್ತಿದ್ದ ಶಾವಿಗೆ ಬಾವುಟಕ್ಕೂ ಮೆತ್ತಿತು.

“ಇವತ್ತೊಂದಿನ ಬಿಡಪ್ಪಾ. ಹೆಣ್ಣಿನ ಕಡೆಯವರು ಮನೆ ನೋಡೋಕೆ ಬರ್ತಿದಾರೆ. ಹಿತ್ತಿಲಲ್ಲಿ ಇದನ್ನ ಕಂಡ್ರೆ ಬಾಗಿಲಿಂದಲೇ ವಾಪಸ್ ಹೋಗ್ತಾರೆ.”

“ಚಾಚಿ, ಇದು ನಾನು ಇಷ್ಟ ಬಂದಲ್ಲಿ ನೆಡೋ ಕೋಲಲ್ಲ. ಹನ್ನೆರಡು ವರ್ಷದ ಉಪಗ್ರಹ ಚಿತ್ರ ಒಂದರ ಮೇಲೊಂದಿಟ್ಟು, ದಡ ಎಲ್ಲೆಲ್ಲಿ ಎಷ್ಟೆಷ್ಟು ಕುಸಿದಿದೆ ಅಂತ ಅಳೆದು ಹಾಕಿದ ಲೆಕ್ಕ. ಈ ಮಳೆಗಾಲದಲ್ಲಿ ಜಮುನಾ ನದಿ ಇಲ್ಲೀತನಕ ಬರೋ ಸಾಧ್ಯತೆ ನೂರಕ್ಕೆ ಎಪ್ಪತ್ತು.”

“ಹಾಗಾದ್ರೆ ಪಕ್ಕದ ರುಸ್ತುಮನ ಹಿತ್ತಿಲಲ್ಲಿ ನೆಡು. ಅವನ ಮಕ್ಕಳದ್ದೆಲ್ಲಾ ಮದುವೆ ಆಗಿದೆ.”

ಢಾಕಾದಲ್ಲಿ ಓದಿ, ದಡ ಅಳೆಯುವ ಕೆಲಸಕ್ಕೆ ಬಂದ ಶಾಹಿನೂರ್ ನಗಲಿಲ್ಲ. ಕೊನೆಯ ಏಟು ಹಾಕಿ, ಟೇಪು ಹಿಡಿದು ದಡದ ಅಂಚಿಗೆ ನಡೆದ. ಅವನ ಬೆನ್ನು ತಿರುಗಿದ್ದೇ ತಡ, ಮೊರ್ಜಿನಾ ಕೋಲು ಕಿತ್ತು ಹುಲ್ಲಿನ ಬಣವೆಯೊಳಗೆ ತೂರಿಸಿದಳು. ಮಗ ಮೊಫಿಜನಿಗೆ ಇದು ನಾಲ್ಕನೆಯ ಸಂಬಂಧ. ಹಿಂದಿನ ಮೂರು ಕಡೆಯವರೂ ನದಿ ಎಷ್ಟು ದೂರ ಎಂದು ಕೇಳಿ, ಶಾವಿಗೆ ಮಾತ್ರ ಪೂರ್ತಿ ತಿಂದು ಎದ್ದುಹೋಗಿದ್ದರು.

ಹುಡುಗಿಯ ತಂದೆ ಮೊಕ್ಬುಲ್ ಪ್ರಾಮಾಣಿಕ್ ನದಿಯ ನಡುಗಡ್ಡೆಯವನು. ನದಿ ದಡ ಕೊರೆದಾಗಲೆಲ್ಲ, ಒಟ್ಟು ಒಂಬತ್ತು ಸಲ, ತಗಡಿನ ಮನೆ ಬಿಚ್ಚಿ ಬೇರೆಡೆ ಕಟ್ಟಿದವನು. ಎರಡನೆಯ ತುತ್ತಿಗೇ ಕೇಳಿದ: “ನದಿ ಹೇಗಿದೆ ಇಲ್ಲಿ?”

“ನದಿಯಾ?” ಎಂದಳು ಮೊರ್ಜಿನಾ, ಆ ಹೆಸರನ್ನು ಈಗಷ್ಟೇ ಕೇಳಿದವಳಂತೆ. “ಅದು ಈ ಕಡೆ ತಲೆ ಹಾಕಿಯೂ ಮಲಗಲ್ಲ ಬೀಗರೇ. ಮೊಮ್ಮಕ್ಕಳ ಕಾಲಕ್ಕೂ ಬರಲ್ಲ.”

ಹೊರಗೆ ದಡದ ದೊಡ್ಡ ಹೆಂಟೆಯೊಂದು ಧೊಪ್ಪನೆ ನೀರಿಗೆ ಬಿತ್ತು.

“ತೆಂಗಿನಕಾಯಿ” ಎಂದಳು.

ಪ್ರಾಮಾಣಿಕ್ ತಟ್ಟೆ ಕೆಳಗಿಟ್ಟ. “ನನ್ನ ದೊಡ್ಡ ಮಗಳನ್ನ ಕೊಟ್ಟ ಮನೆಯವರೂ ಇದೇ ಮಾತು ಹೇಳಿದ್ರು. ನದಿ ಬಂದ ದಿನ ಯಾವುದನ್ನ ಮೊದಲು ಎತ್ತಬೇಕು ಅಂತ ಗೊತ್ತಾಗದೆ, ಒಂದು ಹುಂಜ ಹಿಡ್ಕೊಂಡು ನಿಂತಿದ್ರು. ಹುಂಜ ಉಳೀತು, ಮನೆ ಹೋಯ್ತು. ನದಿ ಬರಲ್ಲ ಅನ್ನೋರಿಗೆ ನಾನು ಇನ್ನೊಂದು ಹೆಣ್ಣು ಕೊಡಲ್ಲಮ್ಮಾ.” ಟೋಪಿ ಸರಿಮಾಡಿಕೊಂಡು ಎದ್ದೇಬಿಟ್ಟ.

ಮೊರ್ಜಿನಾಳಿಗೆ ಒಂದು ಕ್ಷಣ ಕಾಲಡಿಯ ನೆಲವೇ ಕುಸಿದಂತಾಯಿತು. ಮರುಕ್ಷಣ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೂಗಿದಳು. “ಏ ಶಾಹಿನೂರ್! ಓಡಿ ಬಾರೋ! ನದಿ ಬರುತ್ತೋ ಇಲ್ವೋ ಇವರಿಗೊಂದಿಷ್ಟು ಹೇಳು!”

ಶಾಹಿನೂರ್ ಟೇಪು ಸುತ್ತುತ್ತಲೇ ಬಂದ. ಜನರನ್ನು ಸುಮ್ಮನೆ ಹೆದರಿಸಬೇಡ ಎಂದು ಸಿರಾಜ್‌ಗಂಜಿನ ಕಚೇರಿಯ ಸಾಹೇಬರು ಅದೇ ವಾರ ಬೈದಿದ್ದರು. ಬೆಳಿಗ್ಗೆ ಈ ಹೆಂಗಸಿನೊಡನೆ ಒರಟಾಗಿ ನಡೆದುಕೊಂಡೆನೆಂಬ ಅಳುಕೂ ಇತ್ತು. ಮೆಲ್ಲಗೆ ಹೇಳಿದ: “ಗಾಬರಿ ಬೀಳಬೇಡಿ ಚಾಚಾ. ಬರದೇ ಇರೋ ಸಾಧ್ಯತೆಯೂ ನೂರಕ್ಕೆ ಮೂವತ್ತು ಇದೆ.”

“ಮೂವತ್ತರ ವಿಷಯ ಯಾರೋ ನಿನ್ನ ಕೇಳಿದ್ದು? ಎಪ್ಪತ್ತು ಹೇಳೋ, ಎಪ್ಪತ್ತು! ತೊಂಬತ್ತು ಅಂದ್ರೂ ನಾನು ಬೇಡ ಅನ್ನಲ್ಲ!”

“ಎಪ್ಪತ್ತು ಅಂದ್ರೆ ಎಪ್ಪತ್ತೇ ಚಾಚಿ. ಶ್ರಾವಣದ ಹೊತ್ತಿಗೆ ಈ ಗೋಡೆತನಕ. ಹತ್ತು ಮೀಟರ್ ಹೆಚ್ಚುಕಮ್ಮಿ.”

ಪ್ರಾಮಾಣಿಕ್ ಅವನನ್ನೂ ನೋಡಲಿಲ್ಲ, ಮೊರ್ಜಿನಾಳನ್ನೂ ನೋಡಲಿಲ್ಲ. ಇಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಮೊಫಿಜನತ್ತ ತಿರುಗಿದ. “ಈ ಮನೆ ಬಿಚ್ಚೋಕೆ ನಿನಗೆಷ್ಟು ಹೊತ್ತು ಬೇಕಪ್ಪಾ?”

ಮೊಫಿಜ್ ಮೊದಲ ಬಾರಿಗೆ ತಲೆ ಎತ್ತಿದ. “ಐದು ಗಂಟೆ. ಮಳೆ ಇದ್ರೆ ಆರು. ತಗಡಿಗೆ ಒಂದೂ ಮೊಳೆ ಹೊಡೆದಿಲ್ಲ, ಎಲ್ಲಾ ನಟ್ಟು ಬೋಲ್ಟು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಎಣ್ಣೆ ಬಿಡ್ತೀನಿ.”

ಪ್ರಾಮಾಣಿಕ್ ಹತ್ತಿರದ ಗೋಡೆಯ ಒಂದು ನಟ್ಟನ್ನು ಹೆಬ್ಬೆರಳಿನಿಂದ ತಿರುವಿ ನೋಡಿದ. ಬೆರಳನ್ನು ಲುಂಗಿಗೆ ಒರೆಸಿಕೊಂಡು, ಕೂತು, ತಟ್ಟೆಯನ್ನು ಹತ್ತಿರ ಎಳೆದುಕೊಂಡ.

“ಐದು ಜಾಸ್ತಿ ಆಯ್ತು. ನನ್ನ ಮಗಳು ನಾಲ್ಕರಲ್ಲಿ ಮುಗಿಸ್ತಾಳೆ,” ಎಂದ. “ಸ್ಪ್ಯಾನರ್ ಅವಳದ್ದೇ ತರ್ತಾಳೆ.”