ಶಾಂತವ್ವನ ಹೇಳಿಕೆ

"ನಿಮ್ಮ ತಾಯಿ ಏನು ಕಂಡರು, ಕೇಳಿ," ಎಂದ ಪೊಲೀಸ್ ಅಧಿಕಾರಿ ನೋವಾಕ್.

ನಿರಂಜನ್ ಕುರ್ಚಿಯನ್ನು ತಾಯಿಯ ಹತ್ತಿರಕ್ಕೆ ಎಳೆದುಕೊಂಡ. "ಅವ್ವಾ, ಅಂಗಡ್ಯಾಗ ಏನ್ ನೋಡಿದಿ ಅಂತ ಕೇಳಾಕತ್ತಾರ."

"ನಾ ಏನ್ ನೋಡೇನಿ, ನಿನಗ ಗೊತ್ತಿಲ್ಲೇನು?" ಎಂದಳು ಶಾಂತವ್ವ.

"ತುಂಬ ಗಾಬರಿಯಾಗಿದ್ದಾರೆ," ಎಂದು ನಿರಂಜನ್ ಇಂಗ್ಲಿಷಿನಲ್ಲಿ ಹೇಳಿದ.

ಅದು ಡೆಟ್ರಾಯಿಟ್, ೧೯೭೪ರ ಮಾರ್ಚ್ ತಿಂಗಳು. ಶಾಂತವ್ವ ಧಾರವಾಡದಿಂದ ಮಗನ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಇಂಗ್ಲಿಷಿನಲ್ಲಿ ಅವಳಿಗೆ ಬರುತ್ತಿದ್ದದ್ದು ಎರಡೇ ಮಾತು, ಹಲೋ ಮತ್ತು ಥ್ಯಾಂಕ್ಯೂ. ಠಾಣೆಯಲ್ಲಿ ಎರಡೂ ಕೆಲಸಕ್ಕೆ ಬರುವಂತಿರಲಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಲಿವರ್ನಾಯ್ ರಸ್ತೆಯ ಕಿರಾಣಿ ಅಂಗಡಿಗೆ ಮುಸುಕಿನವನೊಬ್ಬ ಜೋಡುನಳಿಗೆಯ ಬಂದೂಕು ಹಿಡಿದು ನುಗ್ಗಿದ. ಛಾವಣಿಗೆ ಎರಡು ಸಲ ಹೊಡೆದ. ಜನ ನೆಲಕ್ಕೆ ಕವುಚಿ ಬಿದ್ದರು. ಶಾಂತವ್ವನಿಗೆ ಮೊಣಕಾಲು ಮಡಚುವುದಿಲ್ಲ, ನಿಂತೇ ಇದ್ದಳು. ಬಂದೂಕು ಅವಳ ಕಡೆ ತಿರುಗಿತು. ನಿರಂಜನ್ ತಾಯಿಗೆ ಅಡ್ಡ ಬಂದ. ಆಗ ಮೂರನೆಯ ಸದ್ದು. ಮುಸುಕಿನವ ಹಿಂಬಾಗಿಲಿನಿಂದ ಓಡಿಹೋದ. ಗಲ್ಲಾದಲ್ಲಿ ನಿಂತಿದ್ದ ಡಾರ್ಲೀನ್, ಇಪ್ಪತ್ತು ವರ್ಷದ ಹುಡುಗಿ, ಅಲ್ಲೇ ಸತ್ತಳು. ಅವಳ ಮೈಯಲ್ಲಿ ಸಿಕ್ಕಿದ್ದು ಬಂದೂಕಿನ ಚರೆ ಅಲ್ಲ, ಪಿಸ್ತೂಲಿನ ಗುಂಡು.

ಪಿಸ್ತೂಲು ಸಿಕ್ಕಿದ್ದು ಸಾಮಾನಿಗೆ ಬಂದಿದ್ದ ಎದುರಿನ ಕ್ಷೌರದಂಗಡಿಯ ವೆಂಡೆಲ್‌ನ ಕೈಯಲ್ಲಿ. ಅದರಲ್ಲಿ ಒಂದು ಗುಂಡು ಕಡಿಮೆ ಇತ್ತು. "ನಾನು ಯಾವಾಗಲೂ ಒಂದು ಕಡಿಮೆಯೇ ತುಂಬುವುದು," ಎಂದಿದ್ದ ವೆಂಡೆಲ್. "ಪಿಸ್ತೂಲು ತೆಗೆದದ್ದು ನಿಜ. ಹುಡುಗಿ ಅಡ್ಡ ಇದ್ದಳು. ಹೊಡೆಯಲಿಲ್ಲ." ಯಾರು ನಂಬುತ್ತಾರೆ? ಈಗ ಗಾಜಿನ ಆಚೆ ಕೈಕೋಳ ಹಾಕಿಕೊಂಡು ಕೂತಿದ್ದ. ಹಿಮ ಬಿದ್ದ ದಿನಗಳಲ್ಲಿ ಶಾಂತವ್ವನ ತೋಳು ಹಿಡಿದು ರಸ್ತೆ ದಾಟಿಸುತ್ತಿದ್ದವನು ಅವನೇ.

ಪೊಲೀಸರು ಅಂಗಡಿಯಲ್ಲಿದ್ದ ಉಳಿದವರನ್ನೆಲ್ಲ ಗೋಡೆಗೆ ನಿಲ್ಲಿಸಿ ಮೈ ತಡವಿದ್ದರು. ಟೈ ಕಟ್ಟಿದ ಇಂಜಿನಿಯರ್ ನಿರಂಜನನಿಗೂ ಸೀರೆಯುಟ್ಟ ಅವನ ತಾಯಿಗೂ ಮಾತ್ರ ಮೈ ಮುಟ್ಟದೆ ಕುರ್ಚಿ ಕೊಟ್ಟು ಕಾಫಿ ತರಿಸಿದ್ದರು. ಕಂಡವಳಿಗೆ ಭಾಷೆಯಿಲ್ಲ. ಭಾಷೆಯಿದ್ದವರು ನೆಲ ನೋಡುತ್ತಿದ್ದರು.

"ಅಂವಾ ಹೊಡದಿಲ್ಲ," ಎಂದಳು ಶಾಂತವ್ವ, ಗಾಜಿನ ಕಡೆ ಕೈಮಾಡಿ. "ಕೈ ಎತ್ತಿದ್ದಾ, ಇಳಿಸಿದಾ. ಹೇಳಪಾ, ಇವರಿಗೆ ಹೇಳು."

ನಿರಂಜನ್ ನೋವಾಕ್‌ನ ಕಡೆ ತಿರುಗಿದ. "ಅವನ ಕೈಯಲ್ಲಿ ಪಿಸ್ತೂಲು ಕಂಡರಂತೆ. ಆಮೇಲೇನಾಯಿತೋ ತಿಳಿಯದಂತೆ. ಕಣ್ಣು ಮಂಜು."

ನೋವಾಕ್ ಬರೆದುಕೊಂಡ.

"ಏನ್ ಹೇಳಿದಿ?"

"ನೀ ಹೇಳಿದ್ದನ್ನ, ಅವ್ವಾ."

"ಹಂಗಾರ ಅವನ ಕೋಳ ಯಾಕ ಬಿಚ್ಚವಲ್ರು?"

"ಅವ್ವಾ, ನಮಗ್ಯಾಕ ಬೇಕು? ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡೇನಿ. ಕೋರ್ಟು ಕಚೇರಿ ಅಂತ ಸಿಕ್ಕೊಂಡ್ರ ಗಂಟುಮೂಟಿ ಕಟಗೊಂಡು ಧಾರವಾಡಕ್ಕ ಹೋಗಬೇಕಾಗತೈತಿ."

"ಧಾರವಾಡದಾಗ ಏನ್ ಹುಲಿ ಅದಾವೇನೋ?"

"ಏನಂತಾರೆ?" ಎಂದ ನೋವಾಕ್.

"ಊರಿಗೆ ಹೋಗಬೇಕಂತೆ."

ನೋವಾಕ್ ನಕ್ಕ. "ನಾನಾದರೂ ಹೋಗುತ್ತಿದ್ದೆ. ನೋಡಿ ಸರ್, ಆ ಕಳ್ಳ ಎರಡೂ ನಳಿಗೆಯನ್ನು ಛಾವಣಿಗೇ ಮುಗಿಸಿದ್ದ. ನಿಮ್ಮ ತಾಯಿಯ ಕಡೆ ತಿರುಗಿದ್ದು ಖಾಲಿ ಬಂದೂಕು. ಯಾರೂ ಏನೂ ಮಾಡದೆ ಬಿದ್ದುಕೊಂಡಿದ್ದರೆ ಆ ಹುಡುಗಿ ಇಷ್ಟೊತ್ತಿಗೆ ಊಟ ಮಾಡುತ್ತಿದ್ದಳು. ಜೇಬಿನಲ್ಲಿ ಪಿಸ್ತೂಲಿದ್ದರೆ ಸಾಕು, ಎಲ್ಲರಿಗೂ ಶೂರರಾಗುವ ಆಸೆ."

"ಖಾಲಿ ಇತ್ತೇ?" ಎಂದ ನಿರಂಜನ್. ಎರಡು ಸಲ ಕೇಳಿದ. ಲೋಟ ಕೆಳಗಿಟ್ಟು ಕೋಟಿನ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ.

ಶಾಂತವ್ವ ಅವನ ಮುಖ ನೋಡಿದಳು. ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಹೆದರಿದ್ದನ್ನ ದೇವರು ಮನ್ನಿಸತಾನ, ಮಗಾ. ಬ್ಯಾರೆಯವರ ಕೊರಳಿಗೆ ಕಟ್ಟಿದ್ದನ್ನ ಮನ್ನಿಸಂಗಿಲ್ಲ. ಹೇಳಿಬಿಡು."

ನಿರಂಜನ್ ಗಾಜಿನ ಕಡೆ ನೋಡಿದ. ಕೋಟಿನ ಗುಂಡಿ ಹಾಕಿಕೊಂಡ.

ಟೈಪ್ ಮಾಡಿದ ಹೇಳಿಕೆ ಬಂತು. ನಿರಂಜನ್ ಬೆರಳಿಟ್ಟು ಜಾಗ ತೋರಿಸಿದ. ಶಾಂತವ್ವ ಪೆನ್ನು ಮುಟ್ಟಲಿಲ್ಲ. ಒಂದು ನಿಮಿಷ ಕಾದ ನೋವಾಕ್, ಕೆಳಗೆ 'ಸಹಿ ಮಾಡಲು ಬರುವುದಿಲ್ಲ' ಎಂದು ತಾನೇ ಬರೆದು, ಅದರ ಪಕ್ಕದಲ್ಲಿ ಮಗನ ಸಹಿ ಹಾಕಿಸಿಕೊಂಡ. ಪೆನ್ನಿಗೆ ಕ್ಯಾಪು ಹಾಕಿದ.

ಗಾಜಿನ ಆಚೆ ವೆಂಡೆಲ್‌ನನ್ನು ಎಬ್ಬಿಸಿ ಒಳಗೆ ಕರೆದೊಯ್ದರು.

ಶಾಂತವ್ವ ಎದ್ದು ನೋವಾಕ್‌ನ ತೋಳು ಹಿಡಿದಳು. ನಿಧಾನವಾಗಿ ಹೇಳಿದರೆ ಯಾವ ಭಾಷೆಯಾದರೂ ತಿಳಿದೀತು ಎಂಬಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಮುದುಕಿ ಉಪಕಾರ ನೆನೆಯುತ್ತಿದ್ದಾಳೆ ಎಂದುಕೊಂಡ ನೋವಾಕ್, ನಗುತ್ತ, ಮಾತುಮಾತಿಗೂ ತಲೆಯಾಡಿಸಿದ.

"ಸಾಹೇಬರ, ಆ ಹುಡುಗಿಗೆ ಗುಂಡು ಹೊಡದಾಂವ ಇಂವಾರೀ, ನನ್ನ ಮಗಾ."