ಬಲ್ಬು ಹಿಡಿಸುವ ಶಾಸ್ತ್ರ

ಮಗ ಚಿದಂಬರನೊಂದಿಗೆ ಹೆಣ್ಣು ನೋಡಲು ಬಂದಿದ್ದ ನೀಲಾಂಬಿಕೆ ಕಾಫಿ ಕುಡಿದು, ಚೀಲದಿಂದ ಬಲ್ಬು ತೆಗೆದರು. "ಹಾಡುಗೀಡು ಏನೂ ಬೇಡ. ಇದೊಂದು ನೋಡ್ಬಿಡೋಣ."

ಊರಿನ ಮನೆಗಳೊಳಗಿನ ತಂತಿಗಳು ಕರೆಂಟ್ ಹಾಯಿಸುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಈಗ ಮೀಟರಿನಿಂದ ಅಡುಗೆಮನೆಯವರೆಗೆ ಮನೆಮಂದಿಯೇ ಕೈಕೈ ಹಿಡಿದು ನಿಲ್ಲಬೇಕಿತ್ತು. ಹಾಗಾಗಿ ಸೊಸೆಯಾಗುವವಳ ಕೈಗೆ ಬಲ್ಬು ಕೊಟ್ಟು ನೋಡುವುದು ವಾಡಿಕೆಯಾಗಿತ್ತು.

ಶಶಿರೇಖಾಳ ಅಂಗೈ ತೀರಾ ಒಣಕಲು. ಕರೆಂಟ್ ಹಾಯಲೆಂದು ತಾಯಿ ಪುಟ್ಟಗೌರಮ್ಮ ಅಡುಗೆಮನೆಯಲ್ಲೇ ಉಪ್ಪುನೀರಿನಲ್ಲಿ ಕೈ ಅದ್ದಿಸಿ ಕಳಿಸಿದ್ದರು. ಅವಳು ಒಂದು ಕೈಯಲ್ಲಿ ಮೀಟರು ಮುಟ್ಟಿ ಇನ್ನೊಂದರಲ್ಲಿ ಬಲ್ಬು ಹಿಡಿದಳು. ಝಗ್ಗನೆ ಹತ್ತಿತು.

"ಚೆನ್ನಾಗಿ ಹಾಯುತ್ತೆ," ಎಂದರು ನೀಲಾಂಬಿಕೆ.

"ಅವರೂ ಒಂದ್ಸಲ ಹಿಡೀಲಿ," ಎಂದಳು ಶಶಿರೇಖಾ.

ನೀಲಾಂಬಿಕೆಯ ಮುಖ ಸಪ್ಪಗಾಯಿತು. ಚಿದಂಬರ ಎದ್ದು ಮೀಟರು ಮುಟ್ಟಿ ಹಿಡಿದ. ಬಲ್ಬು ಹತ್ತಲಿಲ್ಲ. ಪುಟ್ಟಗೌರಮ್ಮ ಗಡಿಬಿಡಿಯಲ್ಲಿ ಉಪ್ಪುನೀರಿನ ಬಟ್ಟಲನ್ನೇ ತಂದು ಅವನ ಕೈ ಅದ್ದಿಸಿದರು. ಆಗಲೂ ಹತ್ತಲಿಲ್ಲ. ನೀಲಾಂಬಿಕೆ ಬಟ್ಟಲನ್ನೂ ಶಶಿರೇಖಾಳ ಒದ್ದೆ ಕೈಯನ್ನೂ ನೋಡಿದರು.

"ಹುಟ್ಟಿದಾಗಿಂದ ಹಿಂಗೇ ಕಣಮ್ಮ. ಇವನನ್ನ ಸಾಲಲ್ಲಿ ನಿಲ್ಲಿಸಿದ್ರೆ ಮನೆಯೆಲ್ಲ ಕತ್ತಲು. ಮೊದಲೇ ಹೇಳ್ಬೇಕಿತ್ತು," ಎಂದು ಬಲ್ಬನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

"ಕೂತ್ಕೊಳ್ಳಿ ಅಮ್ಮ. ನಂಗೆ ಒಪ್ಪಿಗೆ," ಎಂದಳು ಶಶಿರೇಖಾ.

"ದೀಪ ಹತ್ತದಿದ್ರೂನಾ?"

"ಹೋದ್ವರ್ಷ ಕರೆಂಟ್ ಜಾಸ್ತಿ ಬಂದು ಅಪ್ಪ ಮೀಟರಿಗೇ ಅಂಟ್ಕೊಂಡ್ರು," ಎಂದಳು ಶಶಿರೇಖಾ. "ಮುಟ್ಟಿದ್ರೆ ನಾವೂ ಅಂಟ್ಕೋತಿದ್ವಿ. ಎಲ್ಲಾರೂ ನೋಡ್ತಾ ನಿಂತಿದ್ವಿ, ಅವರು ಹೋಗೇಬಿಟ್ರು. ಎಳೆದು ಬಿಡಿಸೋಕೆ ಕರೆಂಟ್ ಹಾಯದ ಇಂಥ ಕೈಯಿರೋರು ಮನೇಲಿ ಒಬ್ರೂ ಇರ್ಲಿಲ್ಲ."